ಬ್ರೆಜಿಲ್‌ನ ಹಲಗೆ ತೊಟ್ಟಿ: ಬಿರುಕು ಏಕೆ?

ಪ್ರಶ್ನೆ: ಈಶಾನ್ಯ ಬ್ರೆಜಿಲ್‌ನ ಒಣಸೀಮೆಯಲ್ಲಿ ಮನೆ ಪಕ್ಕ ಸಿಮೆಂಟ್ ಹಲಗೆ ಜೋಡಿಸಿ ಕಟ್ಟುವ 16,000 ಲೀಟರ್ ಮಳೆನೀರಿನ ತೊಟ್ಟಿ ಒಂದು ಸಂಸಾರಕ್ಕೆ ಸಾಕೇ? ಕೆಲವು ಬಿರುಕು ಬಿಡುವುದೇಕೆ?

ಉತ್ತರ 1: ಕುಡಿಯಲು, ಅಡುಗೆಗೆ ಮಾತ್ರವಾದರೆ ಸಾಕು. ಐವರಿಗೆ ಎಂಟು ತಿಂಗಳು, ತಲೆಗೆ ದಿನಕ್ಕೆ 13 ಲೀಟರ್. 40 ಚದರ ಮೀಟರ್ ಸೂರಿನ ಮೇಲೆ 400 ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ ತೊಟ್ಟಿ ತುಂಬುತ್ತದೆ. ಪೋಲಾಗುವುದನ್ನು ಕಳೆದರೆ 500 ಮಿ.ಮೀ. ಬೇಕು. ಬೆಳೆಗೆ ಇದನ್ನು ಮುಟ್ಟಲೇಬಾರದು, ಅದಕ್ಕೆ 52,000 ಲೀಟರಿನ ತೊಟ್ಟಿಯೇ ಬೇರೆ ಇದೆ.

ಉತ್ತರ 2: ಸಿಮೆಂಟ್ ಹಲಗೆಯ ದಪ್ಪ ಬರೀ 3 ಸೆಂ.ಮೀ. ನೀರಿನ ಒತ್ತಡ ತಡೆಯುವುದು ಹೊರಗೆ ಬಿಗಿಯಾಗಿ ಸುತ್ತಿದ ಕಲಾಯಿ ತಂತಿ. ಬುಡದಲ್ಲಿ ಒತ್ತೊತ್ತಾಗಿ ಸುತ್ತಿ, ಆಮೇಲೆ ಗಿಲಾವು ಮಾಡಬೇಕು. ತಂತಿ ಸಡಿಲವಾದರೆ ಹಲಗೆಗಳ ಸಂದು ಬಾಯ್ಬಿಡುತ್ತದೆ. ಕಟ್ಟಿದ ಮೇಲೆ ಖಾಲಿ ಬಿಟ್ಟು ಬಿಸಿಲಿಗೆ ಒಣಗಿಸಿದರೂ ಅಷ್ಟೇ. ತಳದಲ್ಲಿ ನೀರು ಇರಲೇಬೇಕು.

ಉತ್ತರ 3: ಮೊದಲ ಮಳೆಯ ನೀರನ್ನು ಹೊರಗೆ ಹರಿಸಿ, ಸೂರಿನ ಹಿಕ್ಕೆ, ಧೂಳು ಅದರಲ್ಲೇ ಬರುತ್ತದೆ. ಬಕೆಟ್ ಇಳಿಸಬೇಡಿ, ಕೈಪಂಪೇ ಸರಿ.