ಫ್ರೀಜರಿನಲ್ಲಿ ಐಸ್ ಕಟ್ಟುತ್ತಿದೆ, ಕೆಳಗೆ ಹಾಲು ಒಡೆಯುತ್ತಿದೆ: ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ (ಹನುಮಂತನಗರದಿಂದ)

ನಮಸ್ಕಾರ. ನಮ್ಮ ಮನೆಯಲ್ಲಿರುವುದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಕೊಂಡು ಹನ್ನೊಂದು ವರ್ಷವಾಯಿತು. ಒಂದು ತಿಂಗಳಿಂದ ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯಲ್ಲಿ, ಗಾಳಿ ಬರುವ ಸೀಳುಗಳ ಸುತ್ತ, ತುರಿದ ಕೊಬ್ಬರಿಯಂತೆ ಬಿಳಿಯ ಹಿಮ ಕೂರುತ್ತಿದೆ. ಮೇಲಿಟ್ಟ ಬಟಾಣಿ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಕೆಳಗಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಪಾತ್ರೆಯ ಮುಚ್ಚಳವನ್ನು ಎತ್ತಿರುತ್ತದೆ, ಹಾಲು ಕಾಯಿಸಿದರೆ ಒಡೆಯುತ್ತದೆ. ಹಿಂದಿನ ವಾರ ಒಳಗಿನಿಂದ ಕಟಕಟ ಎಂಬ ಸದ್ದು ಬರುತ್ತಿತ್ತು, ಈಗ ಅದೂ ನಿಂತಿದೆ.

ಬಂದ ಮೆಕ್ಯಾನಿಕ್ ಒಂದು ಸ್ಕ್ರೂ ಕೂಡ ಬಿಚ್ಚದೆ, ಗ್ಯಾಸ್ ಹೋಗಿದೆ, ತುಂಬಿಸಲು 3,500 ರೂಪಾಯಿ ಆಗುತ್ತದೆ ಎಂದರು. ಮಳೆಗಾಲದ ತೇವಕ್ಕೆ ಹೀಗಾಗಿದೆ ಎಂಬುದು ನಮ್ಮ ಯಜಮಾನರ ವಾದ. ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಎಳೆದು ನೋಡಿದೆ, ಬಿಗಿಯಾಗಿಯೇ ಇದೆ. ಹಿಂದಿನ ನೀರಿನ ಟ್ರೇಯಲ್ಲೂ ತೊಂದರೆಯಿಲ್ಲ; ಡೆಂಗಿ ಲಾರ್ವಾ ಹುಡುಕಲು ಬಂದಿದ್ದ ಆರೋಗ್ಯ ಕಾರ್ಯಕರ್ತೆ ಹನಿ ನೀರೂ ಇಲ್ಲವೆಂದು ಮೆಚ್ಚಿಕೊಂಡು ಹೋದರು. ಗ್ಯಾಸ್ ತುಂಬಿಸುವುದೋ, ಬೇಡವೋ?

ಉತ್ತರ (ರಾಜಾಜಿನಗರದಿಂದ, ಫ್ರಿಜ್ ರಿಪೇರಿ ಕೆಲಸ)

ಸದ್ಯಕ್ಕೆ ಬೇಡ, ಅಮ್ಮ. ಆ ಕಾರ್ಯಕರ್ತೆ ಮೆಚ್ಚಿದ ಒಣ ಟ್ರೇಯೇ ನಿಮ್ಮ ಫ್ರಿಜ್ಜಿನ ಕಾಯಿಲೆಯನ್ನು ಹೇಳುತ್ತಿದೆ. ಫ್ರೀಜರಿನ ಹಿಂಬದಿಯ ಹಲಗೆಯ ಒಳಗೆ ಕೂಲಿಂಗ್ ಕಾಯಿಲ್ ಇರುತ್ತದೆ. ಪ್ರತಿಸಲ ಬಾಗಿಲು ತೆರೆದಾಗ ಒಳಗೆ ಬರುವ ತೇವವೆಲ್ಲ ಅದರ ಮೇಲೆ ಹಿಮವಾಗಿ ಕೂರುತ್ತದೆ. ಆದ್ದರಿಂದ ಕಂಪ್ರೆಸರ್ ಕೆಲವು ಗಂಟೆ ಓಡಿದ ಮೇಲೆ ಟೈಮರ್ ಅದನ್ನು ನಿಲ್ಲಿಸಿ, ಕಾಯಿಲ್‌ಗೆ ಅಂಟಿಕೊಂಡಿರುವ ಹೀಟರಿಗೆ ಕರೆಂಟ್ ಕೊಡುತ್ತದೆ. ಕರಗಿದ ನೀರು ಪೈಪಿನ ಮೂಲಕ ಹಿಂಬದಿಯ ಟ್ರೇಗೆ ಇಳಿದು, ಕಂಪ್ರೆಸರಿನ ಬಿಸಿಗೆ ಆವಿಯಾಗುತ್ತದೆ. ಮಳೆಗಾಲದಲ್ಲೂ ಟ್ರೇಯಲ್ಲಿ ಹನಿ ನೀರಿಲ್ಲವೆಂದರೆ ಒಂದೋ ಐಸ್ ಕರಗುತ್ತಿಲ್ಲ, ಇಲ್ಲವೇ ಕರಗಿದ್ದು ಕೆಳಗಿಳಿಯುತ್ತಿಲ್ಲ. ಯಜಮಾನರ ಮಾತೂ ಪೂರ್ತಿ ಸುಳ್ಳಲ್ಲ, ತೇವ ಹೆಚ್ಚಿದ್ದರೆ ಹಿಮವೂ ಹೆಚ್ಚು. ಆದರೆ ಅದನ್ನು ಕರಗಿಸುವ ಕೆಲಸವೇ ನಿಂತಿರಬೇಕು.

ಗ್ಯಾಸ್ ಕಡಿಮೆಯಾದ ಫ್ರಿಜ್ಜಿನಲ್ಲಿ ಫ್ರೀಜರೂ ಸೋಲುತ್ತದೆ, ಕಾಯಿಲಿನ ಒಂದು ತುದಿಯಲ್ಲಿ ಮಾತ್ರ ಹಿಮ ಇದ್ದು ಉಳಿದ ಭಾಗ ಬರಿದಾಗಿರುತ್ತದೆ. ನಿಮ್ಮಲ್ಲಿ ಬಟಾಣಿ ಕಲ್ಲಾಗಿದೆ. ಕಟಕಟ ಸದ್ದು ಫ್ಯಾನಿನ ರೆಕ್ಕೆ ಐಸಿಗೆ ತಗಲುತ್ತಿದ್ದ ಸದ್ದು. ಅದು ನಿಂತದ್ದು ಗುಣವಾಗಿ ಅಲ್ಲ, ಫ್ಯಾನೇ ಐಸಿನಲ್ಲಿ ಸಿಕ್ಕಿಕೊಂಡಿದ್ದರಿಂದ. ಕೆಳಗಿನ ಭಾಗಕ್ಕೆ ತಣ್ಣನೆಯ ಗಾಳಿಯನ್ನು ತಳ್ಳುವುದೂ ಅದೇ ಫ್ಯಾನ್ ಆದ್ದರಿಂದ ಹಿಟ್ಟು ಉಕ್ಕುತ್ತಿದೆ.

ಪ್ಲಗ್ ಕಿತ್ತು, ಎಲ್ಲವನ್ನೂ ಖಾಲಿ ಮಾಡಿ, ಎರಡೂ ಬಾಗಿಲನ್ನು 24 ಗಂಟೆ ತೆರೆದಿಡಿ. ಚಾಕು ಹಾಕಿ ಐಸ್ ಎಬ್ಬಿಸಲು ಹೋಗಬೇಡಿ. ಅಲ್ಯೂಮಿನಿಯಂ ಕಾಯಿಲ್ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ, ಹಿಂಬದಿಯ ಚೀಟಿಯಲ್ಲಿ ಆರ್ 600ಎ ಎಂದಿದ್ದರೆ ಅದು ಬೆಂಕಿ ಹಿಡಿಯುವ ಗ್ಯಾಸ್. ಆಮೇಲೆ ಫ್ರಿಜ್ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಹಿಮ ಕಟ್ಟಿದರೆ, ದೋಷ ಐಸ್ ಕರಗಿಸುವ ಭಾಗದಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು.

ಉತ್ತರ (ಬಸವನಗುಡಿಯಿಂದ)

ನಮ್ಮಲ್ಲಿ ಹೀಟರ್ ಸರಿಯಾಗಿಯೇ ಇತ್ತು, ನೀರು ಇಳಿಯುವ ತೂತು ಕಟ್ಟಿಕೊಂಡಿತ್ತು. ಆಗ ಹಿಮ ಪುಡಿಪುಡಿಯಾಗಿರುವುದಿಲ್ಲ. ಫ್ರೀಜರಿನ ತಳದಲ್ಲಿ ಗಾಜಿನಂತಹ ಹಲಗೆ ಐಸ್ ಆಗುತ್ತದೆ, ತರಕಾರಿಯ ಡಬ್ಬಿಯ ಅಡಿಯಲ್ಲಿ ನೀರು ನಿಂತು ಕೊತ್ತಂಬರಿ ಸೊಪ್ಪು ಕೊಳೆಯುತ್ತದೆ. ಬಿಸಿನೀರನ್ನು ಸಿರಿಂಜಿನಲ್ಲಿ ನಿಧಾನವಾಗಿ ಬಿಟ್ಟಾಗ ಬಿಟ್ಟುಕೊಂಡಿತು. ಇನ್ನೊಂದು ಮಾತು: ನೋಟನ್ನು ಒಂದೇ ಕಡೆ ಸಿಕ್ಕಿಸಿ ನೋಡಿದರೆ ಸಾಲದು. ನಮ್ಮ ರಬ್ಬರ್ ಹಿಡಿಯ ಕಡೆ ಬಿಗಿಯಾಗಿದ್ದು ಕೀಲಿನ ಕಡೆ ಸಡಿಲವಾಗಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನೋಟನ್ನು ನಾಲ್ಕೂ ಕಡೆ ಸಿಕ್ಕಿಸಿ ನೋಡಿದೆ, ಸರಿಯಾಗಿದೆ; ತರಕಾರಿಯ ಡಬ್ಬಿಯ ಅಡಿಯೂ ಒಣಗಿದೆ. ಹೇಳಿದಂತೆ ಒಂದು ದಿನ ತೆರೆದಿಟ್ಟಾಗ ಹಳೆಯ ಪಂಚೆಗಳೆಲ್ಲ ಒದ್ದೆಯಾಗುವಷ್ಟು ನೀರು ಬಂತು. ಆರು ದಿನ ಫ್ರಿಜ್ ಹೊಸದರಂತೆ ನಡೆಯಿತು, ಏಳನೆಯ ದಿನ ಮತ್ತೆ ಸೀಳುಗಳಲ್ಲಿ ಬಿಳಿ ಕಾಣಿಸಿತು. ಪಕ್ಕದ ಮನೆಯ ಹುಡುಗ ಪ್ಲಗ್ ಕಿತ್ತು, ಹಲಗೆ ಬಿಚ್ಚಿ ಮಲ್ಟಿಮೀಟರ್ ಹಿಡಿದ. ಕಾಯಿಲ್ ಮೇಲಿಂದ ಕೆಳಗಿನವರೆಗೂ ಒಂದೇ ಸಮನೆ ಬೆಳ್ಳಗಿತ್ತು. ಹೀಟರ್ 340 ಓಮ್ ತೋರಿಸಿತು. ಹೀಟರಿಗೆ ಕರೆಂಟ್ ಹೋಗುವ ದಾರಿಯಲ್ಲಿ ಬೈಮೆಟಲ್ (ಬಿಸಿಯಾದಾಗ ಹೀಟರನ್ನು ನಿಲ್ಲಿಸುವ ಸ್ವಿಚ್ಚು) ಮತ್ತು ಫ್ಯೂಸ್ ಒಂದೇ ವೈರಿನಲ್ಲಿ ಜೋಡಿಯಾಗಿವೆ. ಹೊರತೆಗೆದು ಎರಡು ತುದಿಗಳ ನಡುವೆ ನೋಡಿದರೆ ಕರೆಂಟ್ ಹಾಯುತ್ತಿಲ್ಲ. ಹಾಗಾದರೆ ಬೈಮೆಟಲ್ ಹೋಗಿದೆಯೇ?

ಉತ್ತರ (ರಾಜಾಜಿನಗರದಿಂದ)

ಹುಡುಗ ಚೆನ್ನಾಗಿ ನೋಡಿದ್ದಾನೆ, ಆದರೆ ಹೊಸಬರೆಲ್ಲ ಎಡವುವುದು ಇಲ್ಲಿಯೇ. ಬೈಮೆಟಲ್ ಚಳಿಯಲ್ಲಿ ಮಾತ್ರ ಕೂಡಿಕೊಳ್ಳುವ ಸ್ವಿಚ್ಚು. ಕೋಣೆಯ ಬಿಸಿಯಲ್ಲಿ ಅದು ಬಿಟ್ಟುಕೊಂಡೇ ಇರಬೇಕು. ಅದನ್ನು ಹೊರಗೆ ತೆಗೆದು ಪರೀಕ್ಷಿಸಿ, ಕೆಟ್ಟಿದೆ ಎಂದು ಒಳ್ಳೆಯ ಬೈಮೆಟಲ್ ಎಸೆದವರನ್ನು ನಾನು ಬಹಳ ಕಂಡಿದ್ದೇನೆ. ಫ್ಯೂಸ್ ಹಾಗಲ್ಲ, ಅದು ಯಾವಾಗಲೂ ಕರೆಂಟ್ ಹಾಯಿಸಬೇಕು. ಎರಡನ್ನೂ ಬೇರೆಬೇರೆಯಾಗಿ ನೋಡಿ. ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೆಲಸ ಮಾಡುವ ಫ್ರೀಜರ್ ಇರುವ ಮನೆಯಲ್ಲಿ ಆ ಫ್ರೀಜರಿನೊಳಗೆ ಒಂದು ಗಂಟೆ ಇಟ್ಟು ಮತ್ತೊಮ್ಮೆ ನೋಡಿ.

ಹೀಟರ್ ಸರಿಯಾಗಿದೆ. 230 ವೋಲ್ಟಿನ ವರ್ಗವನ್ನು (230 × 230) ಹೀಟರಿನ ವ್ಯಾಟಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. 150 ವ್ಯಾಟ್‌ಗೆ ಸುಮಾರು 350.

ಫ್ಯೂಸ್ ಹೋಗಿದ್ದರೆ ಅದೊಂದನ್ನೇ ಬದಲಾಯಿಸಿ ಸುಮ್ಮನಾಗಬೇಡಿ. ಫ್ಯೂಸ್ ತಾನಾಗಿ ಸಾಯುವುದು ಅಪರೂಪ. ಬೈಮೆಟಲ್ ಅಂಟಿಕೊಂಡು ಹೀಟರನ್ನು ಬಿಡದೆ ಕಾಯಿಸಿದಾಗ, 70 ಡಿಗ್ರಿಯ ಆಚೀಚೆ ಅದು ಕಡಿದುಹೋಗಿ ಪ್ಲಾಸ್ಟಿಕ್ ಕರಗುವುದನ್ನು ತಪ್ಪಿಸುತ್ತದೆ. ಯಾವ ಕಾರಣಕ್ಕೂ ಅದರ ಎರಡು ತುದಿಗಳನ್ನು ನೇರವಾಗಿ ಸೇರಿಸಿಬಿಡಬೇಡಿ.

ಪ್ರಶ್ನೆ ಕೇಳಿದವರು

ತಾವು ಊಹಿಸಿದಂತೆಯೇ ಆಯಿತು. ಫ್ಯೂಸ್ ಕಡಿದಿತ್ತು, ಬೈಮೆಟಲ್ ಬಿಸಿಲಿನಲ್ಲಿಟ್ಟರೂ ಮೀಟರ್ ಬೀಪ್ ಎನ್ನುತ್ತಿತ್ತು, ಅಂದರೆ ಅಂಟಿಕೊಂಡೇ ಇತ್ತು. ಎರಡೂ ಸೇರಿದ ಜೋಡಿ ಐನೂರು ರೂಪಾಯಿಯೊಳಗೆ ಸಿಕ್ಕಿತು. ಹಾಕಿ ಹನ್ನೆರಡು ದಿನವಾಗಿದೆ, ಹಿಟ್ಟು ಮುಚ್ಚಳದೊಳಗೇ ಇದೆ. ನಿನ್ನೆ ಟ್ರೇ ಎಳೆದರೆ ಅರ್ಧ ಬೆರಳಿನಷ್ಟು ನೀರು ನಿಂತಿತ್ತು. ಇನ್ನು ಪ್ರತಿ ಶುಕ್ರವಾರ ಅದನ್ನು ಚೆಲ್ಲಿ ತಿಕ್ಕಬೇಕು. ಆ ಕಾರ್ಯಕರ್ತೆ ಮತ್ತೆ ಬರುತ್ತಾರೆ.