ಲಿಗ್ಯಾಂಡ್ ತಾಮ್ರವನ್ನು ಕಟ್ಟುತ್ತದೋ, ತಾಮ್ರಕ್ಕೆ ಕಚ್ಚಿಕೊಳ್ಳುತ್ತದೋ?

ಗೆಳೆಯರೇ,

ಒಂದೇ ಒಂದು ಕ್ರಿಯಾಪದಕ್ಕಾಗಿ ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ತಾಮ್ರದ ಅಯಾನುಗಳ (ವಿದ್ಯುದಾವೇಶ ಹೊತ್ತ ತಾಮ್ರದ ಪರಮಾಣುಗಳ) ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಮಪದಗಳು ತೊಂದರೆ ಕೊಡಲಿಲ್ಲ. ಅಯಾನನ್ನು ಸುತ್ತುವರಿದ ಅಣುಗಳಿಗೆ ಲಿಗ್ಯಾಂಡ್ ಅಂತಲೇ ಬರೆದುಬಿಟ್ಟೆ. ಆದರೆ ಆ ಲಿಗ್ಯಾಂಡ್ ಅಲ್ಲಿ ಮಾಡುವ ಕೆಲಸಕ್ಕೆ ಏನನ್ನೋಣ? ಕಟ್ಟುವುದಾ, ಅಂಟುವುದಾ, ಬೆಸೆಯುವುದಾ?

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ನೀರಿನಲ್ಲಿ ಕರಗಿಸಿದರೆ ತಿಳಿನೀಲಿ ಬಣ್ಣ. ಅದಕ್ಕೆ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಮೊದಲು ನೀಲಿ ಗಷ್ಟ ಕಟ್ಟುತ್ತದೆ. ಇನ್ನಷ್ಟು ಬಿಟ್ಟರೆ ಗಷ್ಟ ಕರಗಿ, ಇಡೀ ದ್ರಾವಣ ಶಾಯಿಯಂಥ ಕಡುನೀಲಿಯಾಗುತ್ತದೆ. ತಾಮ್ರದ ಪಕ್ಕದಲ್ಲಿದ್ದ ನಾಲ್ಕು ನೀರಿನ ಅಣುಗಳು ಎದ್ದುಹೋಗಿ, ಆ ಜಾಗದಲ್ಲಿ ನಾಲ್ಕು ಅಮೋನಿಯಾ ಬಂದು ಕೂತಿವೆ. ಒಂದೊಂದು ಅಮೋನಿಯಾದ ಸಾರಜನಕವೂ ತನ್ನ ಒಂದು ಜೋಡಿ ಎಲೆಕ್ಟ್ರಾನನ್ನು ತಾಮ್ರದ ಕಡೆಗೆ ಚಾಚಿದೆ. ಕೊಡುವುದು ಲಿಗ್ಯಾಂಡ್, ತಗೊಳ್ಳುವುದು ತಾಮ್ರ.

'ಕಟ್ಟು' ಸಹಜವಾಗಿ ಬರುವ ಪದ. ಲಿಗ್ಯಾಂಡ್ ಅನ್ನುವುದೂ ಲ್ಯಾಟಿನ್ನಿನ 'ಕಟ್ಟು' ಧಾತುವಿನಿಂದಲೇ ಬಂದದ್ದು. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1916ರಲ್ಲಿ ಬಳಕೆಗೆ ತಂದ ಪದ ಅದು. ಆದರೆ ನಮ್ಮ 'ಕಟ್ಟು'ವಿಗೆ ಮೂವರು ಬೇಕು: ಹಸುವನ್ನು, ಗೂಟಕ್ಕೆ, ಯಾರೋ ಒಬ್ಬರು ಕಟ್ಟಬೇಕು. ಇಲ್ಲಿ ಇರುವವರೇ ಇಬ್ಬರು. 'ಬಂಧಕ' ಅಂದರೆ ನನಗಂತೂ ಪೊಲೀಸರೇ ನೆನಪಾಗುತ್ತಾರೆ.

'ಬೆಸೆ' ಚೆಂದದ ಪದ, ಆದರೆ ಬೆಸೆದದ್ದು ಸುಲಭಕ್ಕೆ ಬಿಡಬಾರದು ಅಲ್ವಾ? ನೀರಿನಲ್ಲಿ ಕರಗಿದ ತಾಮ್ರದ ಅಯಾನಿನ ಮೇಲೆ ನೀರಿನ ಅಣುಗಳು ಸೆಕೆಂಡಿಗೆ ನೂರು ಕೋಟಿ ಸಲಕ್ಕಿಂತ ಜಾಸ್ತಿ ಅದಲುಬದಲಾಗುತ್ತವೆ. ಇದನ್ನು ಬೆಸುಗೆ ಅನ್ನಲು ಮನಸ್ಸು ಒಪ್ಪುವುದಿಲ್ಲ. 'ಅಂಟು' ಅಂದರೆ ಎಲ್ಲಿ ಬೇಕಾದರೂ ಸುಮ್ನೆ ಮೆತ್ತಿಕೊಂಡ ಹಾಗೆ. ಇಲ್ಲಿ ಹಾಗಲ್ಲ, ದಿಕ್ಕುಂಟು, ಲೆಕ್ಕವುಂಟು. ಮೈಲುತುತ್ತದ ಹರಳನ್ನೇ ತಗೊಳ್ಳಿ. ಒಂದು ತಾಮ್ರಕ್ಕೆ ಐದು ನೀರು ಅಂತ ಸೂತ್ರ ಹೇಳುತ್ತದೆ. ಅದರಲ್ಲಿ ನಾಲ್ಕು ಮಾತ್ರ ತಾಮ್ರದ ಪಕ್ಕದಲ್ಲಿವೆ. ಸಲ್ಫೇಟಿನ ಎರಡು ಆಮ್ಲಜನಕಗಳು ಮೇಲೊಂದು ಕೆಳಗೊಂದು, ಸ್ವಲ್ಪ ದೂರದಲ್ಲಿ. ಐದನೆಯ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ!

ಹೀಗೆ ಒಂದೊಂದನ್ನೇ ಬಿಡುತ್ತಾ ಬಂದಾಗ ಸಿಕ್ಕಿದ್ದು 'ಕಚ್ಚಿಕೊಳ್ಳು'. ರಸಾಯನಶಾಸ್ತ್ರದವರು ಲಿಗ್ಯಾಂಡಿನ ಹಲ್ಲು ಎಣಿಸುತ್ತಲೇ ಬಂದಿದ್ದಾರೆ. ಲಿಗ್ಯಾಂಡ್ ತನ್ನ ಎಷ್ಟು ಪರಮಾಣುಗಳಿಂದ ಲೋಹವನ್ನು ಹಿಡಿಯುತ್ತದೋ ಅದಕ್ಕೆ ಅಷ್ಟು ಹಲ್ಲು. ಅಮೋನಿಯಾಕ್ಕೆ ಒಂದು ಹಲ್ಲು, ಎಥಿಲೀನ್‌ಡೈಅಮೀನ್ ಅನ್ನುವ ಲಿಗ್ಯಾಂಡಿಗೆ ಎರಡು, ಇಡಿಟಿಎ ಅನ್ನುವ ದೊಡ್ಡ ಲಿಗ್ಯಾಂಡಿಗೆ ಆರು. (ಒಂದು ಹಲ್ಲಿನದಕ್ಕೆ ಏಕದಂತ ಅಂತ ಬರೆದು ನಾನೇ ನಕ್ಕು ಅಳಿಸಿದೆ.) ಎರಡು ಅಥವಾ ಜಾಸ್ತಿ ಹಲ್ಲಿನಿಂದ ಒಂದೇ ಲೋಹವನ್ನು ಹಿಡಿದರೆ ಅದು ಕೀಲೇಟ್. ಇದು ಗ್ರೀಕರು ಏಡಿಯ ಕೊಂಡಿಗೆ ಹೇಳುವ ಪದದಿಂದ 1920ರಲ್ಲಿ ಹುಟ್ಟಿದ್ದು. ಅದಕ್ಕೆ 'ಇಕ್ಕಳಹಿಡಿತ' ಅಂತ ಬರೆದಿದ್ದೇನೆ. ಅಂದಹಾಗೆ, ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನಿನಲ್ಲೂ ಇರುವುದು ತಾಮ್ರವೇ. ಒಂದೊಂದು ತಾಮ್ರವನ್ನೂ ಆ ಪ್ರೋಟೀನಿನ ಮೂರು ಹಿಸ್ಟಿಡಿನ್‌ಗಳು (ಒಂದು ಬಗೆಯ ಅಮೈನೋ ಆಮ್ಲ) ಹಿಡಿದುಕೊಂಡಿರುತ್ತವೆ.

ಕಚ್ಚುವುದು ಅಂದರೆ ನೋವು, ಹಾಗಾಗಿ ಬೇಡ ಅಂತ ಮನೆಯಲ್ಲೇ ಆಕ್ಷೇಪ ಬಂತು. ಆದರೆ ಗಿಡದಲ್ಲಿ ಕಾಯಿ ಕಚ್ಚುತ್ತದೆ, ಬಟ್ಟೆಗೆ ಬಣ್ಣ ಕಚ್ಚುತ್ತದೆ. ಅಲ್ಲಿ ಯಾರಿಗೂ ನೋವಿಲ್ಲ. ಈ ಬಣ್ಣದ ಉದಾಹರಣೆ ಬರೀ ಹೋಲಿಕೆಯೂ ಅಲ್ಲ. ಬಣ್ಣ ನಿಲ್ಲಲಿ ಅಂತ ಬಟ್ಟೆಯನ್ನು ಮೈಲುತುತ್ತದ ನೀರಿನಲ್ಲಿ ಅದ್ದಿದಾಗ, ನೂಲಿಗೂ ಬಣ್ಣಕ್ಕೂ ನಡುವೆ ನಿಲ್ಲುವುದು ತಾಮ್ರದ ಅಯಾನೇ. ಅಲ್ಲಿ ಬಣ್ಣದ ಅಣುವೇ ಲಿಗ್ಯಾಂಡ್.

ಈಗ ಉಳಿದಿರುವುದು ವಿಭಕ್ತಿ. "ಅಮೋನಿಯಾ ತಾಮ್ರವನ್ನು ಕಚ್ಚಿಕೊಳ್ಳುತ್ತದೆ" ಅಂದರೆ ಬಾಯಲ್ಲಿ ಹಿಡಿದ ಚಿತ್ರ ಬರುತ್ತದೆ. "ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ" ಅಂದರೆ ಹೋಗಿ ಕೂತ ಚಿತ್ರ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಆರು ಹಲ್ಲಿನ ಇಡಿಟಿಎ ತಾಮ್ರವನ್ನು ಸುತ್ತಿ ಹಿಡಿಯುವಾಗ 'ತಾಮ್ರವನ್ನು' ಅನ್ನುವುದೇ ಸರಿ ಅನ್ನಿಸುತ್ತದೆ. ಒಂದೇ ಬರಹದಲ್ಲಿ ಎರಡೂ ಇದ್ದರೆ ಓದುವವರಿಗೆ ಎಡವಟ್ಟಾದೀತೇ? ಈ ವಾಕ್ಯವನ್ನು ಒಮ್ಮೆ ಜೋರಾಗಿ ಓದಿ ಹೇಳಿ: "ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರ, ಸತು ಈ ಸಾಲಿನಲ್ಲಿ ಲಿಗ್ಯಾಂಡ್‌ಗಳು ಸಾಮಾನ್ಯವಾಗಿ ಎಲ್ಲಕ್ಕಿಂತ ಗಟ್ಟಿಯಾಗಿ ಕಚ್ಚಿಕೊಳ್ಳುವುದು ತಾಮ್ರಕ್ಕೆ."