ದೀಪಾವಳಿ ಉಡುಗೊರೆಗೆ ಮುರುಗಲು ತುಪ್ಪದ ಮುಲಾಮು: ತರಿ ಬರ್ತಿದೆ, ಏನು ಮಾಡಲಿ?

ಸಾಗರದಿಂದ:
ನೆಂಟರಿಗೆ ಹಂಚಲು ಹಿಮ್ಮಡಿ ಒಡಕಿನ ಮುಲಾಮು, 15 ಗ್ರಾಂನ 20 ಡಬ್ಬಿ ಬೇಕು. ಮುರುಗಲು ತುಪ್ಪ (ಮುರುಗಲು ಅಂದರೆ ಕೋಕಂ ಬೀಜದಿಂದ ತೆಗೆದ ಗಟ್ಟಿ ಕೊಬ್ಬು), ಜೇನುಮೇಣ ಎರಡೂ ಮನೆಯಲ್ಲಿವೆ. ಆದರೆ ಆರಿದ ಮೇಲೆ ರವೆ ಥರ ತರಿತರಿ. ಅಳತೆ ತಪ್ಪಿದೆಯಾ?

ತೀರ್ಥಹಳ್ಳಿಯಿಂದ:
ತಪ್ಪು ಅಳತೆಯದ್ದಲ್ಲ, ಆರಿಸಿದ ರೀತಿಯದ್ದು. ನಿಧಾನವಾಗಿ ಆರಿದರೆ ತುಪ್ಪದ ಕೊಬ್ಬು ದೊಡ್ಡ ಹರಳು ಕಟ್ಟುತ್ತದೆ. ಎಸೆಯಬೇಡಿ, ಪೂರ್ತಿ ಕರಗಿಸಿ ಡಬ್ಬಿಗೆ ಸುರಿದ ಕೂಡಲೇ ತಣ್ಣೀರಿನ ತಟ್ಟೆಯಲ್ಲಿಡಿ.
300 ಗ್ರಾಂಗೆ ಜೇನುಮೇಣ 60, ಮುರುಗಲು ತುಪ್ಪ 60, ಕೊಬ್ಬರಿ ಎಣ್ಣೆ 180 ಗ್ರಾಂ. ತೂಗಿಯೇ ಹಾಕಿ, ಮೇಣಕ್ಕೆ ಚಮಚದ ಲೆಕ್ಕ ಒಗ್ಗುವುದಿಲ್ಲ. ನೇರ ಉರಿ ಬೇಡ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೊದಲು ಮೇಣ, ಎಣ್ಣೆ. ಮೇಣ ಕರಗಲು 62–65 ಡಿಗ್ರಿ ಬೇಕು, ತುಪ್ಪಕ್ಕೆ 40ರ ಆಸುಪಾಸು ಸಾಕು. ಅದಕ್ಕೇ ತುಪ್ಪ ಕೊನೆಗೆ.

ಹೊಸನಗರದಿಂದ:
ಒಂದು ಹನಿ ನೀರೂ ಒಳಗೆ ಬೀಳಬಾರದು, ಬೂಸ್ಟು ಬರುತ್ತದೆ. ಡಬ್ಬಿ ಬಿಸಿಲಿಗಿಟ್ಟು ಒಣಗಿಸಿ. ಪೂರ್ತಿ ತಣಿಯದೆ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ. ಸುತ್ತಲು ಬಣ್ಣದ ಕಾಗದ ಯಾಕೆ? ತೋಟದಲ್ಲಿ ಅಡಿಕೆ ಹಾಳೆ ಬಿದ್ದಿರುತ್ತಲ್ಲ!

ಸಾಗರದಿಂದ:
ಹಾಳೆ ಮಡಚುವಾಗ ಸೀಳುತ್ತಲ್ಲ?

ಹೊಸನಗರದಿಂದ:
ಒಣಹಾಳೆ ಸೀಳೇ ಸೀಳುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೆತ್ತಗಿದ್ದಾಗಲೇ ಮಡಚಿ ಮೇಲೆ ಭಾರ ಹೇರಿ. ಆಮೇಲೆ ಎರಡು ಬಿಸಿಲು ಬೇಕು. ಹಸಿ ಉಳಿದರೆ ಕಪ್ಪು ಚುಕ್ಕಿ ಏಳುತ್ತದೆ. ಕಟ್ಟಲು ಬಾಳೆನಾರು.